ಪಕ್ಷಿ ಸಂರಕ್ಷಣಾ ಸಮಿತಿ

ಯುಗಾದಿ ಕಳೆದು ಮೊದಲ ಗುಡುಗುಮಳೆ ಸುರಿದ ಮಾರನೆಯ ಬೆಳಗ್ಗೆ, ಶಿವಮೊಗ್ಗದ ವಿನೋಬನಗರದ ನಮ್ಮ ಬೀದಿಯಲ್ಲಿ ಒಂದು ಹಕ್ಕಿಮರಿಯ ಅಪಹರಣ ನಡೆಯಿತು. ಹಾಡಹಗಲೇ, ಹೆತ್ತವರ ಕಣ್ಣೆದುರಿಗೇ. ಅಪಹರಿಸಿದವರು ಹನ್ನೊಂದು ಮಂದಿ, ಅವರಲ್ಲಿ ನಾನೂ ಒಬ್ಬ. ಆ ಹೊತ್ತಿಗೆ ನಾವು ಅದನ್ನು ರಕ್ಷಣೆ ಎಂದು ಕರೆಯುತ್ತಿದ್ದೆವು.

ಮರಿ ನಮ್ಮ ಕಾಂಪೌಂಡಿನ ದಾಸವಾಳದ ಬುಡದಲ್ಲಿ ಕೂತಿತ್ತು. ಮೈತುಂಬ ಪುಕ್ಕ ಬಂದಿತ್ತು, ಬಾಲ ಮಾತ್ರ ಇನ್ನೂ ಮೋಟು. ಬಾಯಂಚಿನಲ್ಲಿ ಹಳದಿ. ಕುಪ್ಪಳಿಸಿ ಎರಡಡಿ ಹಾರುವುದು, ಬೀಳುವುದು, ಮತ್ತೆ ಏಳುವುದು, ಹೀಗೆ ತನ್ನ ಪಾಡಿಗೆ ತಾನು ಪಾಠ ಕಲಿಯುತ್ತಿತ್ತು. ಪಿಕಳಾರದ ಮರಿ ಹುಟ್ಟಿದ ಹನ್ನೆರಡು ದಿನದ ಆಸುಪಾಸಿಗೆ, ನೆಟ್ಟಗೆ ಹಾರಲು ಬರುವ ಮೊದಲೇ ಗೂಡು ಬಿಡುತ್ತದೆ. ಆಮೇಲೂ ಅಪ್ಪ ಅಮ್ಮ ಅದು ಕೂತಲ್ಲಿಗೇ ಹುಡುಕಿಕೊಂಡು ಬಂದು ಗುಟುಕು ಕೊಡುತ್ತವೆ. ಇದೆಲ್ಲ ನನಗೆ ಆಮೇಲೆ ಓದಿ ತಿಳಿದದ್ದು. ಆ ಬೆಳಗ್ಗೆ ಬಾಯಿಗೆ ಬಂದದ್ದು 'ಅಯ್ಯೋ ಪಾಪ' ಅಷ್ಟೇ. ನಮ್ಮ ಬೀದಿಯ ಬಹುಪಾಲು ಅನಾಹುತಗಳು ಶುರುವಾದದ್ದು ಈ ಎರಡು ಪದಗಳಿಂದಲೇ.

ಮನುಷ್ಯರು ಹಾರಲೆಂದು ಸೋಗಾನೆಯಲ್ಲಿ 3.2 ಕಿಲೋಮೀಟರ್ ಉದ್ದದ ರನ್‌ವೇ ಮಾಡಿ, 2023ರ ಫೆಬ್ರವರಿ 27ರಂದು ಪ್ರಧಾನಿಯವರನ್ನೇ ಕರೆಸಿ ಉದ್ಘಾಟನೆ ಮಾಡಿಸಿದ ಊರು ನಮ್ಮದು. ಈ ಮರಿ ಕೇಳಿದ್ದು ದಾಸವಾಳದ ಬುಡದಲ್ಲಿ ನಾಲ್ಕಡಿ ನೆಲ, ಎರಡು ಮೂರು ದಿನದ ಅವಕಾಶ. ಕೊಡಲಿಲ್ಲ. ಎತ್ತಿ ರಟ್ಟಿನ ಪೆಟ್ಟಿಗೆಗೆ ಹಾಕಿದೆವು.

ಮೊದಲ ಸಭೆ ಇದು ಯಾವ ಹಕ್ಕಿ ಎಂಬ ಬಗ್ಗೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕೋಗಿಲೆ ಎಂದರು. ಎದುರು ಮನೆಯವರು ಹದ್ದು ಎಂದರು; ಕಾರಣ ಕೇಳಿದರೆ ಕೊಕ್ಕು ತೋರಿಸಿದರು. ಮೂಲೆಮನೆಯವರು ಕಾಗೆಮರಿ ಇರಬಹುದು ಎಂದದ್ದೇ ತಡ, ಮೂವರು ಹಿಂದೆ ಸರಿದು ಅಂಗಿಗೆ ಕೈ ಒರೆಸಿಕೊಂಡರು. ಕರುಣೆಗೂ ಬಣ್ಣ ನೋಡುವ ಅಭ್ಯಾಸವಿದೆ. ಹಾಗೆ ನೋಡಿದರೆ ಕಾಯ್ದೆಯೂ ಕಡಿಮೆಯದೇನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಗೆಯನ್ನು ಇಲಿ ಹೆಗ್ಗಣಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿ ಕೂರಿಸಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಅದು ಜಾರಿಗೆ ಬಂದದ್ದು 2023ರ ಏಪ್ರಿಲ್ ಒಂದರಂದು, ಹಾಗಾಗಿ ಕಾಗೆಗಳು ಇನ್ನೂ ನಂಬಿದಂತಿಲ್ಲ.

ನಮ್ಮದು ಕೆಮ್ಮೀಸೆ ಪಿಕಳಾರದ ಮರಿ. ಆ ಜಾತಿಯ ಮರಿಗೆ ಕಣ್ಣಿನ ಹಿಂದಿನ ಕೆಂಪು ಮಚ್ಚೆ ಇರುವುದಿಲ್ಲ, ಅದು ಬೆಳೆದ ಮೇಲೆ ಬರುವಂಥದು. ಫೋಟೋ ಇಲ್ಲದ ಗುರುತಿನ ಚೀಟಿ ಹಿಡಿದು ನಿಂತಂತಾಯಿತು. ಈ ಬಡಾವಣೆಗೆ ನಾವು ಬರುವ ಮೊದಲಿನಿಂದಲೂ ಅದರ ಅಪ್ಪ ಅಜ್ಜಂದಿರು ಇಲ್ಲಿ ದಿನಾ ಬೆಳಗ್ಗೆ ಕೂಗುತ್ತ ಬಂದಿದ್ದಾರೆ. ಅವರ ಮಗು ಯಾರದೆಂದು ಗೊತ್ತಾಗಲಿಲ್ಲ. ತಮಾಷೆಯೆಂದರೆ, ಮೇಲೆ ಕೇಬಲ್ ತಂತಿಯ ಮೇಲೆ ಎರಡು ಪಿಕಳಾರಗಳು ಜುಟ್ಟು ನಿಮಿರಿಸಿಕೊಂಡು, ಒಂದರ ಕೊಕ್ಕಿನಲ್ಲಿ ಹಸಿರು ಹುಳು ಒದ್ದಾಡುತ್ತಿರಲು, ಅತ್ತಿಂದಿತ್ತ ಹಾರಾಡುತ್ತಿದ್ದವು. ಮೇಷ್ಟ್ರು ತಲೆ ಎತ್ತಿ ನೋಡಿ, "ನೋಡಿ, ಬೇರೆ ಹಕ್ಕಿಗಳೂ ಸಹಾನುಭೂತಿ ತೋರಿಸೋಕೆ ಬಂದಿವೆ" ಎಂದರು. ಫೋಟೋ ತೆಗೆದೆವು.

ಪಕ್ಷಿ ಸಂರಕ್ಷಣಾ ಸಮಿತಿ ಎಂಬ ವಾಟ್ಸ್ಯಾಪ್ ಗುಂಪು ಹುಟ್ಟಿದ್ದು ಬೆಳಗ್ಗೆ ಎಂಟೂಕಾಲಿಗೆ. ನಿವಾಸಿಗಳ ಸಂಘದ ಕಾರ್ಯದರ್ಶಿಗಳೇ ಇದಕ್ಕೂ ಕಾರ್ಯದರ್ಶಿ. ಅವರ ಹಳದಿ ಬೆಕ್ಕು ಎಲ್ಲ ಸಭೆಗಳಲ್ಲೂ ಕಾಂಪೌಂಡಿನ ಮೇಲೆ ಕೂತು ಭಾಗವಹಿಸಿತು. ಅಲ್ಲಿದ್ದವರಲ್ಲಿ ಆ ಮರಿ ಏನೆಂದು ಖಚಿತವಾಗಿ ತಿಳಿದಿದ್ದು ಅದಕ್ಕೊಂದಕ್ಕೇ.

ಇನ್ನು ಊಟದ ವಿಷಯ. ಮಜ್ಜಿಗೆ ಅನ್ನ ಬಂತು, ನೆನೆಸಿದ ಬ್ರೆಡ್ ಬಂತು, ರಾಗಿ ಅಂಬಲಿ ಬಂತು, ನಂಜಾಗದಿರಲಿ ಎಂದು ಅರಿಶಿನದ ನೀರು ಬಂತು. ಒಂದು ಹುಡುಗ ಮಾತ್ರ "ಹುಳ ಹಿಡ್ಕೊಂಡು ಬರ್ಲಾ?" ಎಂದ. ಅವನ ಅಜ್ಜಿ, "ನಮ್ ಬೀದೀಲಿ ಅದೆಲ್ಲ ಇಲ್ಲ ಕಣೋ" ಎಂದು ಗದರಿದರು. ಮರಿ ಹೀಗೆ ಶುದ್ಧ ಸಸ್ಯಾಹಾರಿಯಾಯಿತು. ಕಾಳು ತಿಂದು ಬದುಕುವ ಗುಬ್ಬಿಯೂ ತನ್ನ ಮರಿಗೆ ಮೊದಮೊದಲು ಕೊಡುವುದು ಹುಳಹುಪ್ಪಟೆಯನ್ನೇ. ಮೈ ಬೆಳೆಯಲು ಬೇರೆ ದಾರಿಯಿಲ್ಲ. ಅದೂ ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ. ಸಮಿತಿ ಸರ್ವಾನುಮತದಿಂದ ದಿನಕ್ಕೆ ಎರಡು ಹೊತ್ತು ಎಂದು ನಿಗದಿ ಮಾಡಿತು, ತಿಂಡಿಯ ನಂತರ ಮತ್ತು ಊಟದ ನಂತರ. ಯಾರ ತಿಂಡಿ ಎಂದು ಕೇಳಬೇಡಿ.

ಮರಿಯನ್ನು ಗಿಡದ ಮೇಲೇ ಇಟ್ಟುಬಿಟ್ಟರೆ ಹೇಗೆ ಎಂದು ನನ್ನ ಹೆಂಡತಿ ಒಮ್ಮೆ ಕೇಳಿದಳು. ಆಗ ಅದೇ ಅಜ್ಜಿ, "ಮನುಷ್ಯರ ಕೈ ತಾಗಿದ ಮೇಲೆ ತಾಯಿ ಹತ್ತಿರ ಸೇರಿಸಲ್ಲಮ್ಮ" ಎಂದರು. ಎಲ್ಲರೂ ಹೌದೌದೆಂದು ತಲೆಯಾಡಿಸಿದರು. ಹಕ್ಕಿಗಳು ಮರಿಯನ್ನು ಗುರುತಿಸುವುದು ದನಿಯಿಂದ, ಕಣ್ಣಿನಿಂದ, ಕೂತ ಜಾಗದಿಂದ. ಯಾರೋ ಮುಟ್ಟಿದರೆಂದು ಹೆತ್ತದ್ದನ್ನು ಹೊರಗಿಡುವ ಪದ್ಧತಿ ಅವುಗಳಲ್ಲಿಲ್ಲ. ಅದು ಎಲ್ಲಿಯ ಪದ್ಧತಿ ಎಂದು ನಮಗೆಲ್ಲ ಚೆನ್ನಾಗಿ ಗೊತ್ತು. ಮೈಲಿಗೆಯನ್ನು ಮರದ ಮೇಲಕ್ಕೂ ಹತ್ತಿಸಿದ್ದು ನಾವೇ.

ಹನ್ನೊಂದರ ಸುಮಾರಿಗೆ ಭದ್ರಾವತಿಯ ಬಸ್ಸಿನಲ್ಲಿ ನಮ್ಮ ಭಾವ ಬಂದಿಳಿದರು. ಹೆಂಡತಿಯ ಅಣ್ಣ, ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದವರು, ವಾಸ ನ್ಯೂಟೌನಿನಲ್ಲಿ. ಗುಂಪಿನಲ್ಲಿ ಫೋಟೋ ನೋಡಿದವರು ತಡೆಯಲಾರದೆ ಹೊರಟು ಬಂದಿದ್ದರು. ಭಾವನಿಗೆ ಈ ವಿಷಯದಲ್ಲಿ ಅನುಭವವಿದೆ. ಹೋದ ವರ್ಷ ಅವರ ಮನೆಯ ಸಜ್ಜೆಯಿಂದ ಒಂದು ಬೆಳವದ ಮರಿ ಬಿದ್ದಿತ್ತು. ಬೆಳವ, ಪಾರಿವಾಳಗಳು ತಮ್ಮ ಮರಿಗೆ 'ಹಾಲು' ಕುಡಿಸುತ್ತವೆ ಎಂದು ಭಾವ ಎಲ್ಲೋ ಓದಿದ್ದರು. ಓದಿದ್ದು ಸರಿಯೇ. ಅಪ್ಪ ಅಮ್ಮ ಎರಡರ ಗಂಟಲ ಚೀಲದಲ್ಲೂ ಮೊಸರಿನಂಥದೊಂದು ಊರುತ್ತದೆ, ಮರಿ ಅಲ್ಲಿಗೇ ಕೊಕ್ಕು ತೂರಿಸಿ ತಿನ್ನುತ್ತದೆ. ಭಾವ ಕೊಟ್ಟದ್ದು ಪ್ಯಾಕೆಟ್ ಹಾಲು. ಹಕ್ಕಿಗಳಿಗೆ ಹಸುವಿನ ಹಾಲು ಜೀರ್ಣವಾಗುವುದಿಲ್ಲ. ಅದಿರಲಿ, ಜೀರ್ಣವಾಗುವವರೆಗೆ ಹೋಗಲೂ ಇಲ್ಲ. ಇಂಕ್ ಫಿಲ್ಲರಿನಲ್ಲಿ ತುಂಬಿ ಬಾಯಿಗೆ ಬಿಟ್ಟರು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ. ಸುರಿದದ್ದು ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಹೋಯಿತು.

ಬೆಳವದ ಮರಿ ಸಂಜೆಗೆ ಸತ್ತಿತು. ಬಿಳಿ ಕರ್ಚೀಫು ಹೊದಿಸಿ ಹಿತ್ತಲಿನ ಪಪ್ಪಾಯಿ ಗಿಡದ ಬುಡದಲ್ಲಿ ಮಣ್ಣು ಮಾಡಿ, ಓಂ ಶಾಂತಿ ಹಾಕಿದ ಫೋಟೋಕ್ಕೆ ಇನ್ನೂರು ಚಿಲ್ಲರೆ ಕೈಮುಗಿದ ಚಿತ್ರಗಳು ಬಂದವು. ಅದು ಪ್ರೀತಿಯಿಂದಲೇ ಸತ್ತದ್ದು, ಅದರಲ್ಲಿ ಅನುಮಾನವಿಲ್ಲ.

ಇಷ್ಟಾದರೂ ಭಾವನ ಜೇಬಿನಲ್ಲಿ ಅದೇ ಫಿಲ್ಲರು. "ಸ್ವಲ್ಪ ಹಾಲು ಬೆಚ್ಚಗೆ ಮಾಡಿಸಿ ಭಾವನೋರೆ" ಎಂದರು. ಹಾಲು ಬೆಚ್ಚಗೆ ಮಾಡಿದ್ದು ನಾನೇ, ಸುಳ್ಳು ಹೇಳಬಾರದು. ಮರಿಯ ಪುಣ್ಯ, ಅಷ್ಟರಲ್ಲಿ ಭಾವನ ಕಣ್ಣು ಪೆಟ್ಟಿಗೆಯೊಳಗೆ ಹಾಸಿದ್ದ ದಿನಪತ್ರಿಕೆಯ ಮೇಲೆ ಬಿತ್ತು. ಎರಡು ಬೆರಳಲ್ಲಿ ತಿಕ್ಕಿ ನೋಡಿದರು. "ಇದು ನಮ್ಮ ಪೇಪರ್ ಅಲ್ಲ" ಎಂದರು. ಆಮೇಲೆ ಮುಕ್ಕಾಲು ಗಂಟೆ ಹಕ್ಕಿಯ ಮಾತಿಲ್ಲ.

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಪತ್ರಿಕೆಗಳು ಅಚ್ಚಾಗುವ ಕಾಗದವನ್ನು ಭದ್ರಾವತಿಯ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ಮಾಡುತ್ತಿದ್ದ ಕಾಲವೊಂದಿತ್ತು. ಕಾಗದದ ಕಾರ್ಖಾನೆ ನಿಂತು ಹತ್ತಿರ ಹತ್ತು ವರ್ಷವಾಯಿತು. ಕಬ್ಬಿಣದ್ದು 1923ರಲ್ಲಿ ಬೆಂಕಿ ಹೊತ್ತಿಸಿದ್ದು. ಊರಿನ ಹಳೆಯ ಹೆಸರೇ ಬೆಂಕಿಪುರ. ನೂರು ತುಂಬುವ ವರ್ಷದ ಜನವರಿಯಲ್ಲೇ ಮುಚ್ಚುವ ತೀರ್ಮಾನ ಬಂತು, ಗುತ್ತಿಗೆ ಕಾರ್ಮಿಕರು ಬೀದಿಯಲ್ಲಿ ಕೂತರು, ಅದೇ ವರ್ಷ ಒಂದು ಮಿಲ್ಲು ಮತ್ತೆ ತಿರುಗಿತು. ಭಾವ ಲೆಕ್ಕ ಹಾಕಿದರು: ತಾವು ಸರ್ವಿಸಿನಲ್ಲಿದ್ದಷ್ಟು ಕಾಲ ಪ್ರತಿ ಚುನಾವಣೆಯಲ್ಲೂ ಒಬ್ಬರಲ್ಲ ಒಬ್ಬರು ಬಂದು ಕಾರ್ಖಾನೆಯನ್ನು ಉಳಿಸಿದ್ದಾರೆ. "ಬರ್ತಾರೆ, ಎತ್ಕೊಂಡು ಫೋಟೋ ತೆಗಿಸ್ಕೋತಾರೆ, ಫಿಲ್ಲರಲ್ಲಿ ಎರಡು ತೊಟ್ಟು ಬಿಡ್ತಾರೆ, ಹೋಗ್ತಾರೆ." ಹೇಳಿ ಮುಗಿಸಿ, ಕೈಯಲ್ಲಿದ್ದ ಫಿಲ್ಲರನ್ನು ಒಮ್ಮೆ ನೋಡಿಕೊಂಡು, ಮೆಲ್ಲಗೆ ಜೇಬಿಗೆ ಸೇರಿಸಿದರು. ಹಾಲನ್ನು ನಾನು ಕಾಫಿಗೆ ಹಾಕಿಸಿದೆ.

ಮಧ್ಯಾಹ್ನದ ಸಭೆ ಸ್ಥಳಾಂತರದ ಬಗ್ಗೆ. ತ್ಯಾವರೆಕೊಪ್ಪಕ್ಕೆ ಕೊಟ್ಟುಬರೋಣ ಎಂದರೊಬ್ಬರು. ಬೆರಳುದ್ದದ ಮರಿಯನ್ನು ಹುಲಿ ಸಿಂಹಗಳ ಧಾಮಕ್ಕೆ. ಮಂಡಗದ್ದೆಗೆ ಬಿಡೋಣ, ಅದು ಹಕ್ಕಿಗಳದೇ ಜಾಗ ಎಂದರು ಇನ್ನೊಬ್ಬರು. ಮೂವತ್ತು ಕಿಲೋಮೀಟರ್ ದೂರದ ತುಂಗೆಯ ನಡುಗಡ್ಡೆಯಲ್ಲಿ ಮೀನು ತಿನ್ನುವ ಬೆಳ್ಳಕ್ಕಿ, ನೀರುಕಾಗೆಗಳ ಸಂಸಾರ. ಗಾಂಧಿ ಬಜಾರಿನಲ್ಲಿ ಸಿಕ್ಕ ಮಗುವನ್ನು ಮೈಸೂರು ದಸರೆಯ ಮೆರವಣಿಗೆಯಲ್ಲಿ ಬಿಟ್ಟುಬಂದ ಹಾಗೆ. ಅಲ್ಲೂ ಜನರೇ ಇರುತ್ತಾರಲ್ಲ. ಬೀದಿಯ ಮರಕ್ಕೇ ಏರಿಸೋಣವೆಂದರೆ ಮರ ಎಲ್ಲಿದೆ? ಇದ್ದ ಹೊಂಗೆಯನ್ನು ಚರಂಡಿಗೆ ಅಡ್ಡವೆಂದು ಕಡಿದು ಎರಡು ವರ್ಷವಾಯಿತು. ಅದರ ಬದಲಿಗೆ ನೆಟ್ಟ ಸಸಿ ಒಣಗಿದೆ, ನೆಟ್ಟವರ ಹೆಸರಿನ ಫಲಕ ಮಾತ್ರ ಹುಲುಸಾಗಿದೆ.

ಅರಣ್ಯ ಇಲಾಖೆಯ ಸಹಾಯವಾಣಿ 1926. ಪಶುವೈದ್ಯಕೀಯ ಕಾಲೇಜು ನಮ್ಮ ವಿನೋಬನಗರದಲ್ಲೇ ಇದೆ. ಎರಡಕ್ಕೂ ಯಾರೂ ಫೋನು ಮಾಡಲಿಲ್ಲ, ಏಕೆಂದರೆ ಅವರು ಬಂದರೆ ಸಮಿತಿಗೆ ಕೆಲಸವಿರುವುದಿಲ್ಲ. ಜೊತೆಗೆ ಇನ್ನೊಂದು ಅಪಾಯವೂ ಇತ್ತು. ಅದೇ 1972ರ ಕಾಯ್ದೆಯಲ್ಲಿ ಬೇಟೆ ಎಂಬ ಪದದ ಅರ್ಥವನ್ನು ಬಿಡಿಸಿಟ್ಟಿದ್ದಾರೆ. ಕೊಲ್ಲುವುದಷ್ಟೇ ಬೇಟೆಯಲ್ಲ, ಹಿಡಿಯುವುದೂ ಬೇಟೆ, ಹಕ್ಕಿಯ ಗೂಡು ಕದಡುವುದೂ ಬೇಟೆ. ನಮ್ಮ ಹನ್ನೊಂದು ಮಂದಿ ಬೇಟೆಗಾರರು ಸಾಕ್ಷಿಯ ಫೋಟೋಗಳನ್ನು ತಾವೇ, ದಿನಾಂಕ ಸಮಯ ಸಮೇತ, ಊರಿಗೆಲ್ಲ ಹಂಚಿದ್ದರು.

ಮರಿ ಸಾಕುವವರು ಈ ರಾಜ್ಯದಲ್ಲಿ ಇಲ್ಲವೆಂದಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಜನರ ಹಿತ್ತಲಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಷ್ಟೆತ್ತರದಿಂದ ಬಿದ್ದ ಮರಿಯನ್ನು ಹೆಜ್ಜಾರ್ಲೆ ಮತ್ತೆ ಮೇಲಕ್ಕೆತ್ತಿಕೊಳ್ಳಲಾರದು. ಅದಕ್ಕೇ ಅಲ್ಲಿನ ಹುಡುಗರು 1990ರ ದಶಕದಲ್ಲಿ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಬಿದ್ದ ಮರಿಗಳಿಗೆ ಬೇಲಿ ಹಾಕಿ, ಮೀನು ತಂದು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುತ್ತ ಬಂದರು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಮೀನಿನ ಬುಟ್ಟಿ ಹೊತ್ತವನಿಗೆ ಸೆಲ್ಫಿಗೆ ಕೈ ಬಿಡುವಿರುವುದಿಲ್ಲ, ವಾಸನೆಗೆ ಹತ್ತಿರ ಯಾರೂ ನಿಲ್ಲುವುದೂ ಇಲ್ಲ. ನಿಜವಾಗಿ ಎತ್ತಬೇಕಾದ ಮರಿಗಳು ನಮ್ಮಲ್ಲೂ ಇರುತ್ತವೆ. ಪುಕ್ಕವೇ ಬಾರದ ಬೆತ್ತಲೆ ಮರಿಯಾದರೆ ಗೂಡು ಹುಡುಕಿ ವಾಪಸು ಇಡಬೇಕು, ಗೂಡು ಸಿಗದಿದ್ದರೆ ಬೆಚ್ಚಗಿಟ್ಟು ತಿಳಿದವರಿಗೆ ಒಪ್ಪಿಸಬೇಕು. ಬೆಕ್ಕು ಬಾಯಿ ಹಾಕಿದ್ದಾದರೆ ಗಾಯ ಕಾಣದಿದ್ದರೂ ಅವತ್ತೇ ಡಾಕ್ಟರ ಹತ್ತಿರ ಒಯ್ಯಬೇಕು. ನಮ್ಮ ಮರಿಗೆ ಇದ್ದ ಒಂದೇ ಕಾಯಿಲೆ ನಾವು.

ಅದನ್ನು ಕಾಪಾಡಿದ್ದು ಕರೆಂಟು. ಸಂಜೆ ನಾಲ್ಕಕ್ಕೆ ಮೋಡ ಕಟ್ಟಿ, ಗಾಳಿ ಎದ್ದು, ಎಂದಿನಂತೆ ಮೊದಲ ಹನಿಗೆ ಮೊದಲೇ ಕರೆಂಟು ಹೋಯಿತು. ವೈಫೈ ಹೋಯಿತು, ಗುಂಪು ಮೌನವಾಯಿತು. ಒಣಹಾಕಿದ ಬಟ್ಟೆ, ಮಾಳಿಗೆಯ ಹಪ್ಪಳ ನೆನಪಾಗಿ ಸಮಿತಿ ದಿಕ್ಕಾಪಾಲಾಗಿ ಓಡಿತು. ಪೆಟ್ಟಿಗೆ ಜಗುಲಿಯ ಅಂಚಿನಲ್ಲೇ ಉಳಿಯಿತು. ಗಾಳಿಗೆ ಅದು ಮಗುಚಿಕೊಂಡದ್ದನ್ನೂ, ಮರಿ ಕುಪ್ಪಳಿಸಿಕೊಂಡು ಹೋಗಿ ದಾಸವಾಳದ ಒಳಕೊಂಬೆ ಹಿಡಿದದ್ದನ್ನೂ ಕಿಟಕಿಯಿಂದ ನೋಡಿದ್ದು ನಾನೂ ಭಾವನೂ. ಬಾಗಿಲು ತೆಗೆಯಲು ಹೋದ ಭಾವನ ಕೈ ಹಿಡಿದು ಕೂರಿಸಿದೆ. ದೊಡ್ಡ ಮಳೆ ಬರಲಿಲ್ಲ. ಹತ್ತು ನಿಮಿಷಕ್ಕೆ ತಂತಿಯ ಮೇಲಿದ್ದವುಗಳಲ್ಲಿ ಒಂದು ಇಳಿದು ಬಂದು, ಇಡೀ ದಿನ ಬೀದಿಯೆಲ್ಲ ಸೇರಿ ಕೊಡಲಾಗದ್ದನ್ನು ಒಂದು ಗುಟುಕಿನಲ್ಲಿ ಕೊಟ್ಟು ಹೋಯಿತು. ಮತ್ತೆ ಬಂತು. ಕತ್ತಲಾಗುವವರೆಗೆ ಒಂಬತ್ತು ಸಲ ಬಂದದ್ದನ್ನು ಭಾವ ಎಣಿಸಿದರು. ಭದ್ರಾವತಿಯ ಬಸ್ಸು ತಪ್ಪಿಸಿಕೊಂಡರು.

ಮೂರನೆಯ ದಿನ ಮರಿ ದಾಸವಾಳದಲ್ಲಿರಲಿಲ್ಲ. ಹಾರಿತೋ ಇಲ್ಲವೋ ಎಂದು ಆಣೆ ಮಾಡಿ ಹೇಳಲಾರೆ. ಪಕ್ಕದ ಸೈಟಿನ ಲಂಟಾನದಲ್ಲಿ ಮೋಟುಬಾಲದ್ದೊಂದು ಕೂತದ್ದನ್ನು ಕಂಡೆ, ಅದೇ ಇರಬೇಕು. ಸಮಿತಿ ಈಗಲೂ ಇದೆ, ಸದಸ್ಯರು ಅರವತ್ತನಾಲ್ಕು. ಬೆಳಗ್ಗೆ ಶುಭೋದಯ, ಮಧ್ಯಾಹ್ನ ಸೈಟು ಮಾರಾಟ, ರಾತ್ರಿ ರಾಜಕೀಯ. ಮರಿಯ ಫೋಟೋವೇ ಗುಂಪಿನ ಚಿತ್ರ. ಬೇಸಿಗೆಯ ಎರಡು ತಿಂಗಳು ಬೆಕ್ಕನ್ನು ಮನೆಯೊಳಗೇ ಇಟ್ಟುಕೊಳ್ಳಿ ಎಂದು ನಾನೊಮ್ಮೆ ಅಲ್ಲಿ ಬರೆದೆ. ಕಾರ್ಯದರ್ಶಿಗಳು ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ಬೆಕ್ಕು ಇವತ್ತು ಬೆಳಗ್ಗೆಯೂ ನಮ್ಮ ಕಾಂಪೌಂಡಿನ ಮೇಲೆ, ದಾಸವಾಳದ ಕಡೆ ಮುಖ ಮಾಡಿಕೊಂಡು ಕೂತಿತ್ತು.