ಕಲೆಗೊಂದು ಏಕಗವಾಕ್ಷಿ

ಕಲಾವಿದರಿಗೆ ಸರ್ಕಾರದ ಬೆಂಬಲವೇ ಇಲ್ಲ ಎಂದು ಗೊಣಗುವವರು ಒಮ್ಮೆ ನಾರ್ವೆಯ ಕಡೆ ನೋಡಬೇಕು. ಉತ್ತರದ ಸಾಮಿ ಜನರ ಕಲಾವಿದರಿಗೆ ಅಲ್ಲಿನ ಸರ್ಕಾರ ಕೊಡುವ ಸವಲತ್ತು ಬೇರೆಲ್ಲೂ ಸಿಗಲಾರದು. ಕೃತಿಗೆ ವಿಷಯ ಒದಗಿಸುವುದು ಸರ್ಕಾರ. ಕಚ್ಚಾಮಾಲಿಗೆ ಬರ ಬಾರದಂತೆ ಕಾಯ್ದೆ ಮಾಡುವುದೂ ಅದೇ. ಸ್ಫೂರ್ತಿಗೆ ಬೇಕಾದ ಸಂಕಟವನ್ನು ನ್ಯಾಯಾಲಯದ ಮೊಹರು ಒತ್ತಿಸಿ ಮನೆಬಾಗಿಲಿಗೆ ಮುಟ್ಟಿಸುತ್ತದೆ. ಕೃತಿ ಸಿದ್ಧವಾದ ಮೇಲೆ ದುಡ್ಡು ಕೊಟ್ಟು ಕೊಳ್ಳುವುದೂ ಅದೇ ಸರ್ಕಾರದ ಮ್ಯೂಸಿಯಂ. ನಮ್ಮ ಕಚೇರಿಗಳ ಫಲಕದ ಮೇಲೆ ಮಾತ್ರ ಕಂಡಿದ್ದ ಏಕಗವಾಕ್ಷಿ ಎಂಬುದು ಇಲ್ಲಿ ನಿಜಕ್ಕೂ ತೆರೆದುಕೊಂಡಿದೆ.

ಮಾರೆತ್ ಆನ್ನೆ ಸಾರಾ ಅವರದು ಕೌಟೊಕೈನೊ ಕಡೆಯ ಹಿಮಸಾರಂಗ ಸಾಕುವ ಮನೆತನ. 2007ರ ಕಾಯ್ದೆಯ ಹಿಂದೆಯೇ ಅಪ್ಪಣೆ ಹೊರಟಿತು: ಬಯಲಿನಲ್ಲಿ ಸಾರಂಗ ಜಾಸ್ತಿಯಾಗಿವೆ, ಮೇವು ಸವೆಯುತ್ತಿದೆ, ಮಂದೆ ಇಳಿಸಿ. ಚಳಿಗಾಲದ ಆ ಮೇವು ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ದೂರದ ನೆಂಟ. ಸಾರಾ ಅವರ ತಮ್ಮ ಯೊವ್ಸೆತ್ ಆಂತೆಯ ಬಳಿ ಇದ್ದದ್ದು 116 ಸಾರಂಗ. 75ಕ್ಕೆ ಇಳಿಸಬೇಕು ಎಂದಾಯಿತು. ಅಷ್ಟರಲ್ಲಿ ಬದುಕು ಸಾಗುವುದಿಲ್ಲ ಎಂದ ಹುಡುಗ. ದೊಡ್ಡ ಮಂದೆಯವನಿಗೂ ಚಿಕ್ಕ ಮಂದೆಯವನಿಗೂ ಕಡಿತದ ಶೇಕಡಾವಾರು ಒಂದೇ ಎಂದಿತು ಸರ್ಕಾರ. ಸಮಾನತೆಗೆ ಹೆಸರಾದ ದೇಶ, ಇಲ್ಲಿ ಮಾತ್ರ ಹಿಂದೆ ಬಿದ್ದೀತೇ? ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಹುಡುಗ ಗೆದ್ದ. ಸರ್ಕಾರ ಛಲ ಬಿಡದೆ ಮೇಲೆ ಹೋಗಿ 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. 41 ಸಾರಂಗಗಳ ಭಾರಕ್ಕೆ ಆರ್ಕ್ಟಿಕ್ ಕುಸಿದು ಹೋಗದಂತೆ ಕಾಪಾಡಿದ ಕೀರ್ತಿ ಹೀಗೆ ಓಸ್ಲೋಗೆ ಸಂದಿತು. ಕೌಟೊಕೈನೊ ಇರುವ ಅದೇ ಫಿನ್ಮಾರ್ಕ್ ಪ್ರಾಂತ್ಯದ ರೆಪ್ಪರ್‌ಫ್ಯೋರ್ಡ್ ದಂಡೆಯಲ್ಲಿ ತಾಮ್ರದ ಗಣಿಗೆ 2019ರಲ್ಲಿ ಪರವಾನಗಿ ಸಿಕ್ಕಿತು, ತ್ಯಾಜ್ಯವನ್ನು ಕಡಲ ಕೊಲ್ಲಿಗೇ ಸುರಿಯುವ ಅನುಕೂಲದ ಸಮೇತ. ತಾಮ್ರವೇನೂ ಕಲ್ಲುಹೂವು ಮೇಯುವುದಿಲ್ಲವಲ್ಲ.

ಅಕ್ಕ ಕೈಕಟ್ಟಿ ಕೂರಲಿಲ್ಲ. 2016ರ ಫೆಬ್ರವರಿಯಲ್ಲಿ ಮೊದಲ ವಿಚಾರಣೆ ನಡೆಯುವಾಗ, ಆಗಷ್ಟೇ ಕಡಿದ 200 ಸಾರಂಗದ ತಲೆಗಳನ್ನು ತಂದು ನ್ಯಾಯಾಲಯದ ಎದುರು ಗುಡ್ಡೆ ಹಾಕಿ, ತುದಿಗೆ ನಾರ್ವೆಯ ಬಾವುಟ ಸಿಕ್ಕಿಸಿದರು. ಸುಪ್ರೀಂ ಕೋರ್ಟಿನ ಸರದಿ ಬಂದಾಗ ಬುರುಡೆಗಳ ಸಂಖ್ಯೆ 400ಕ್ಕೆ ಏರಿತ್ತು. ಪ್ರತಿಯೊಂದರ ಹಣೆಯಲ್ಲೂ ಗುಂಡಿನ ತೂತು. ಎಲ್ಲವನ್ನೂ ತಂತಿಯಲ್ಲಿ ಪೋಣಿಸಿ, ಪರದೆಯಂತೆ ಮಾಡಿ, ಸಂಸತ್ತಿನ ಮುಂದೆ ಇಳಿಬಿಟ್ಟರು. ಕೃತಿಯ ಹೆಸರು ‘ಪೈಲ್ ಓ ಸಾಪ್ಮಿ ಸುಪ್ರೀಂ’. ಕೆನಡಾದಲ್ಲಿ ಕಾಡೆಮ್ಮೆಗಳನ್ನು ಕೊಂದು ಮುಗಿಸಿ ಎಲುಬು ರಾಶಿ ಹಾಕಿದ್ದ ಊರಿನ ಹಳೆಯ ಹೆಸರಿನಿಂದ ಬಂದದ್ದು ಇದು. ಮೂಲನಿವಾಸಿಗಳ ಆಹಾರವನ್ನು ಎಲುಬಾಗಿಸುವ ವಿದ್ಯೆಯಲ್ಲಿ ಖಂಡಾಂತರದ ನೆಂಟಸ್ತನ ಇರುವುದನ್ನು ಸಾರಾ ಹೇಳಿದ್ದರು.

2022ರ ಜೂನ್‌ನಲ್ಲಿ ಓಸ್ಲೋದ ಹೊಸ ರಾಷ್ಟ್ರೀಯ ಮ್ಯೂಸಿಯಂ ಬಾಗಿಲು ತೆರೆಯಿತು. ಒಳಗೆ ಕಾಲಿಡುತ್ತಲೇ ಎದುರಾಗುವುದು ಯಾವುದು? ಅದೇ 400 ಬುರುಡೆಗಳ ಪರದೆ. ಕೊಂದ ಪಾಪ ತಿಂದು ಪರಿಹಾರ ಎನ್ನುವುದು ನಮ್ಮ ಕಡೆಯ ಲೆಕ್ಕ. ಓಸ್ಲೋದಲ್ಲಿ ಕೊಂದ ಪಾಪ ತೂಗುಹಾಕಿ ಪರಿಹಾರ. ವಿದೇಶಿ ಗಣ್ಯರನ್ನು ಕರೆತಂದ ಯಾವನೋ ಒಬ್ಬ ಮಂತ್ರಿ ಅದರ ಮುಂದೆ ನಿಂತು ‘ಇದು ನಮ್ಮ ಪರಂಪರೆ’ ಎಂದು ಎದೆ ಉಬ್ಬಿಸುವುದನ್ನು ಊಹಿಸಿಕೊಳ್ಳಿ. ಪೂರ್ತಿ ಸುಳ್ಳೇನಲ್ಲ. ಬುರುಡೆ ಸಾಮಿಗಳ ಪರಂಪರೆ, ತೂತು ಕಾಯ್ದೆಯ ಪರಂಪರೆ.

ಇದೇನು ಹೊಸ ಹುರುಪಲ್ಲ. 1979ರಲ್ಲಿ ಆಲ್ಟಾ ನದಿಗೆ ಅಣೆಕಟ್ಟು ಬೇಡವೆಂದು ಸಾಮಿಗಳು ಇದೇ ಸಂಸತ್ತಿನ ಮುಂದೆ ಡೇರೆ ಹಾಕಿ ಉಪವಾಸ ಕೂತಿದ್ದರು. 1981ರ ಜನವರಿಯ ಕೊರೆಯುವ ಚಳಿಯಲ್ಲಿ ನೂರಾರು ಪೊಲೀಸರು ಬಂದು ಚಳವಳಿಗಾರರನ್ನು ಎತ್ತಿಕೊಂಡು ಹೋದರು. ಬ್ರಿಟ್ಟಾ ಮರಕಟ್-ಲಾಬ್ಬಾ ಆ ಹೋರಾಟದಲ್ಲಿ ಇದ್ದವರು. ಅದೇ ವರ್ಷ ಸೂಜಿ ಹಿಡಿದು ಒಂದು ಕಸೂತಿ ಮಾಡಿದರು. ಬಾನಿನಿಂದ ಕಾಗೆಗಳ ಹಿಂಡು ಇಳಿಯುತ್ತದೆ; ನೆಲ ಮುಟ್ಟುವಷ್ಟರಲ್ಲಿ ಒಂದೊಂದು ಕಾಗೆಯೂ ಪೊಲೀಸಪ್ಪ. ಬಿಳಿ ಬಟ್ಟೆ, ಕಪ್ಪು ದಾರ, ಒಂದಿಷ್ಟು ಡೇರೆ, ಸಾಕು. ಇಂಥ ಕಸುವು ಇದ್ದೂ ದೊಡ್ಡ ಕಲಾಲೋಕ ಅವರತ್ತ ಕತ್ತು ಹೊರಳಿಸಿದ್ದು ಸುಮಾರು 24 ಮೀಟರ್ ಉದ್ದದ ಅವರ ‘ಹಿಸ್ತೋರ್ಯಾ’ ಕಸೂತಿ 2017ರಲ್ಲಿ ಜರ್ಮನಿಯ ಡಾಕ್ಯುಮೆಂಟಾ ಪ್ರದರ್ಶನಕ್ಕೆ ಹೋದ ಮೇಲೆ. 2024ರಲ್ಲಿ ಓಸ್ಲೋದ ಅದೇ ಮ್ಯೂಸಿಯಂ ಅವರ ಕೃತಿಗಳ ಭರ್ಜರಿ ಪ್ರದರ್ಶನ ನಡೆಸಿತು. ಕಾಗೆ ಪೊಲೀಸಾಗಲು ಒಂದು ಬಟ್ಟೆಯಗಲದ ದಾರಿ. ಪೊಲೀಸು ಕಲೆಯಾಗಲು ನಲವತ್ತು ಚಿಲ್ಲರೆ ವರ್ಷ. ಆಲ್ಟಾ ಅಣೆಕಟ್ಟು ಮಾತ್ರ 1987ರಿಂದಲೂ ತಪ್ಪದೆ ವಿದ್ಯುತ್ ಕೊಡುತ್ತಿದೆ. ಮ್ಯೂಸಿಯಂಗೂ ದೀಪ ಬೇಕಲ್ಲ.

ವೆನಿಸ್ ಬಿಯೆನಾಲೆ ಎಂಬ ಕಲಾಮೇಳದ ಕಥೆ ಇನ್ನೂ ಸೊಗಸು. ನಾರ್ವೆ, ಸ್ವೀಡನ್, ಫಿನ್ಲೆಂಡ್ ಮೂರೂ ಸೇರಿ ಅಲ್ಲಿನ ತಮ್ಮ ನಾರ್ಡಿಕ್ ಮಂಟಪಕ್ಕೆ 2022ರಲ್ಲಿ ಸಾಮಿ ಮಂಟಪ ಎಂದು ನಾಮಕರಣ ಮಾಡಿದವು. ಇಟಲಿಯ ಉದ್ಯಾನದಲ್ಲಿ ಏಳು ತಿಂಗಳ ಮಟ್ಟಿಗೆ ಸಾಮಿಗಳಿಗೆ ಅಷ್ಟಗಲ ಜಾಗ ಯಾರ ತಂಟೆಯೂ ಇಲ್ಲದೆ ದಕ್ಕಿತು. ಸಾರಾ ಅಲ್ಲಿದ್ದರು. ಸ್ವೀಡನ್‌ನ ಆಂಡರ್ಸ್ ಸುನ್ನಾ ಅಲ್ಲಿ ಇಟ್ಟದ್ದು ಸಾರಂಗ ಮೇಯಿಸುವ ಹಕ್ಕಿಗಾಗಿ ತಮ್ಮ ಕುಟುಂಬ ಅರ್ಧ ಶತಮಾನ ನಡೆಸಿದ ವ್ಯಾಜ್ಯವನ್ನು: ದಶಕಕ್ಕೊಂದರಂತೆ ಐದು ದೊಡ್ಡ ಚಿತ್ರ, ಕೆಳಗೆ ಕೋರ್ಟಿನ ಕಡತಗಳು. ತಾಯ್ನಾಡಿನ ಕಚೇರಿಗಳಲ್ಲಿ ದೂಳು ತಿಂದ ಕಾಗದಗಳನ್ನು ವೆನಿಸ್‌ನಲ್ಲಿ ಜನ ಟಿಕೆಟ್ ಕೊಟ್ಟು ಬಂದು ನೋಡಿದರು. ಕಡತ ವಿಲೇವಾರಿಗೆ ನಮ್ಮ ತಹಸೀಲ್ದಾರರೂ ಪರಿಶೀಲಿಸಬಹುದಾದ ಮಾರ್ಗ. ಫಿನ್ಲೆಂಡ್‌ನ ಪೌಲೀನಾ ಫೆಯೊದೊರೊಫ್ ಎಲ್ಲರಿಗಿಂತ ವ್ಯವಹಾರಸ್ಥೆ. ಭೂದೃಶ್ಯದ ಕಲಾಕೃತಿ ಕೊಳ್ಳಿ, ಆ ಹಣದಿಂದ ನಿಜವಾದ ಕಾಡು ಕೊಡಲಿಯಿಂದ ಉಳಿಯಲಿ ಎಂದರು. ನೆಲವನ್ನು ಸುಮ್ಮನೆ ಬಿಡುವುದಕ್ಕೂ ಅದು ಮೊದಲು ಕಲೆಯಾಗಬೇಕು ಎಂದು ಕೊಳ್ಳುವ ಜಾತಿಯ ಗುಣವನ್ನು ಸರಿಯಾಗಿ ಅಳೆದಿದ್ದರು.

ಸಮಾಧಾನಕರ ಬಹುಮಾನ ಕೆನಡಾಕ್ಕೆ ಹೋಗಬೇಕು. ಉತ್ತರದ ಇನುಯಿಟ್ ಜನ ಏನೇನು ಕೆತ್ತಿದರೆ ದಕ್ಷಿಣದ ಪೇಟೆಯಲ್ಲಿ ಮಾರಾಟವಾದೀತು ಎಂದು ತಿಳಿಸಲು ಅಲ್ಲಿ 1951ರಲ್ಲೇ ಒಂದು ಸಚಿತ್ರ ಕೈಪಿಡಿ ಹಂಚಿದ್ದರು. ಅದರಲ್ಲಿ ಟೋಟೆಮ್ ಕಂಬದ ಮಾದರಿಯೂ ಇತ್ತು! ಪೆಸಿಫಿಕ್ ಕರಾವಳಿಯ ಬೇರೆಯೇ ಜನರ ಕಂಬವನ್ನು, ಮರವೇ ಬೆಳೆಯದ ನಾಡಿನವರು ಪರಂಪರೆಯಿಂದ ಸ್ಫೂರ್ತಿಗೊಂಡು ಕೆತ್ತಬೇಕಿತ್ತು. 1958ರಲ್ಲಿ ಅಪ್ಪಟ ಇನುಯಿಟ್ ಕಲೆ ಎಂದು ಸಾರುವ ಇಗ್ಲೂ ಮುದ್ರೆಯ ಚೀಟಿ ಬಂತು. ಆಗ ಇನುಯಿಟ್ ಜನರಿಗೆ ಸರ್ಕಾರದ ದಾಖಲೆಯಲ್ಲಿ ಮನೆತನದ ಹೆಸರಿರಲಿಲ್ಲ. 1941ರಿಂದ ಕೊರಳಿಗೆ ಕಟ್ಟಿಕೊಳ್ಳಲು ಬಿಲ್ಲೆ, ಬಿಲ್ಲೆಯ ಮೇಲೊಂದು ನಂಬರು. ಕಲ್ಲಿನ ಕರಡಿಗೆ ಪ್ರಮಾಣಪತ್ರ, ಕೆತ್ತಿದವನಿಗೆ ಕ್ರಮಸಂಖ್ಯೆ. ಮುಂದೆ ಕಿಂಗೈಟ್ ಊರಿನ ಆನಿ ಪೂಟೂಗೂಕ್ ಕರಡಿ-ಗೂಬೆಗಳನ್ನು ಬಿಟ್ಟು ತಮ್ಮ ಮನೆಯ ಟಿವಿ, ಅಡುಗೆಮನೆಯ ಪೊಟ್ಟಣಗಳು, ಗಂಡಸಿನ ಹೊಡೆತ ಎಲ್ಲವನ್ನೂ ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದಾಗ, ಹಿಮದ ನಿರೀಕ್ಷೆಯಲ್ಲಿದ್ದ ಗಿರಾಕಿಗಳು ತಬ್ಬಿಬ್ಬಾದರು. 2006ರಲ್ಲಿ ಕೆನಡಾದ ಸೋಬಿ ಕಲಾ ಪ್ರಶಸ್ತಿ ಅವರಿಗೇ ಬಂತು ಎನ್ನುವುದು ನನಗೆ ಇಡೀ ಪ್ರಕರಣದಲ್ಲಿ ಕಲಬೆರಕೆಯಿಲ್ಲದ ಸಂತೋಷ ಕೊಟ್ಟ ಸುದ್ದಿ.

ಮತ್ತೆ ನಾರ್ವೆಗೆ ಬರೋಣ. ಕಲಾಪೋಷಣೆ ಅಲ್ಲಿ ನಿಂತಿಲ್ಲ. ಫೋಸೆನ್ ಎಂಬಲ್ಲಿ ಸಾರಂಗಗಳ ಚಳಿಗಾಲದ ಮೇವಿನ ಬಯಲಿನಲ್ಲಿ 151 ಗಾಳಿಯಂತ್ರಗಳಿವೆ. ಅವುಗಳ ಪರವಾನಗಿ ಸಾಮಿಗಳ ಸಾಂಸ್ಕೃತಿಕ ಹಕ್ಕಿಗೆ ವಿರುದ್ಧ, ಆದ್ದರಿಂದ ಅಸಿಂಧು ಎಂದು 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಸಾರಂಗದ ತೀರ್ಪು ಜಾರಿಗೆ ಅರ್ಹ, ಗಾಳಿಯ ತೀರ್ಪು ಅಧ್ಯಯನಕ್ಕೆ ಅರ್ಹ: ಯಂತ್ರಗಳು ತಿರುಗುತ್ತಲೇ ಇದ್ದವು. ತೀರ್ಪಿಗೆ 500 ದಿನ ತುಂಬಿದಾಗ ಸಾಮಿ ಯುವಜನ ಓಸ್ಲೋದ ಇಂಧನ ಇಲಾಖೆಯೊಳಗೆ ಕೂತು ಬಾಗಿಲು ಹಾಕಿಸಿದ ಮೇಲೆ, 2023ರ ಮಾರ್ಚ್‌ನಲ್ಲಿ ಸರ್ಕಾರ ಕ್ಷಮೆ ಕೇಳಿತು. ಯಂತ್ರಗಳು ಆಗಲೂ ತಿರುಗುತ್ತಿದ್ದವು. ಮುಂದಿನ ವರ್ಷದ ಹೊತ್ತಿಗೆ ಪರಿಹಾರದ ಒಪ್ಪಂದಗಳಾದವು. ಯಂತ್ರಗಳು ಈಗ ರಾಜಿಯಿಂದ ತಿರುಗುತ್ತಿವೆ. ಓಸ್ಲೋದ ಮ್ಯೂಸಿಯಂನವರು ಈಗಲೇ ಬಾಗಿಲಿನ ಅಳತೆ ನೋಡಿಕೊಳ್ಳುವುದು ಒಳ್ಳೆಯದು. ಆ ಗಾಳಿಯಂತ್ರದ ಒಂದೊಂದು ರೆಕ್ಕೆಯೂ ಐವತ್ತು ಮೀಟರಿಗಿಂತ ಉದ್ದ.