ಆಮೆಮರಿ ಬೆಳೆಯುತ್ತಿಲ್ಲವೆಂದು ಚಿಂತಿಸುವ ಸರಿಯಾದ ಕ್ರಮ

ಮೊದಲು ಒಂದು ನಕ್ಷತ್ರ ಆಮೆಯ ಮರಿಯನ್ನು ಸಂಪಾದಿಸಿ. ಎಲ್ಲಿಂದ ತಂದೆ ಎಂದು ಮಾರುವವನನ್ನು ಕೇಳಬೇಡಿ. ಅವನಾಗಿಯೇ "ಸ್ನೇಹಿತರ ಮನೇಲಿ ಮೊಟ್ಟೆ ಇಟ್ಟಿತ್ತು ಸಾರ್" ಎಂದರೆ ತಲೆಯಾಡಿಸಿ. ಆಂಧ್ರದ ಒಂದೇ ಒಂದು ವ್ಯಾಪಾರದ ನೆಲೆಯಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಕಳ್ಳಸಾಗಣೆಯಾಗುತ್ತಿವೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತ್ತು. ಅಷ್ಟೊಂದು ಜನ ಸ್ನೇಹಿತರಿರುವುದು ಸಂತೋಷದ ವಿಷಯವೇ.

ಮರಿ ಮನೆಗೆ ಬಂದ ದಿನ ಕೂರ್ಮಾವತಾರದ ಕಥೆಯನ್ನು ಮನೆಮಂದಿಗೆಲ್ಲ ಹೇಳಿ. ಮಂದರ ಪರ್ವತವನ್ನೇ ಬೆನ್ನ ಮೇಲೆ ಹೊತ್ತವನ ವಂಶವಿದು, ಬಂದರೆ ಲಕ್ಷ್ಮಿಯೂ ಹಿಂದೆಯೇ ಬರುತ್ತಾಳೆ ಎನ್ನಿ. ಅಂಥ ವಂಶದ ಕುಡಿ ನಿಮ್ಮ ಅಂಗೈಯಲ್ಲಿ ಕೂತು ಕಣ್ಣು ಮಿಟುಕಿಸುವುದನ್ನು ನೋಡಿ, ಅಲ್ಲಿಂದಲೇ ಚಿಂತೆ ಶುರು ಮಾಡಿ. ತಡಮಾಡಿದರೆ ಅದು ಹಾಯಾಗಿ ಬದುಕಲು ಕಲಿತುಬಿಡುವ ಅಪಾಯವಿದೆ.

ಚಿನ್ನ ತೂಗುವ ಪುಟ್ಟ ತಕ್ಕಡಿಯೊಂದನ್ನು ಕೊಳ್ಳಿ. ಅಡುಗೆಮನೆಯ ತಕ್ಕಡಿ ಬೇಡ. ಗ್ರಾಮಿಗಿಂತ ಸೂಕ್ಷ್ಮವಾದ ದುಃಖವನ್ನು ಅದು ತೋರಿಸುವುದಿಲ್ಲ. ದಿನಕ್ಕೆರಡು ಸಲ ತೂಗಿ: ನೀರು ಕುಡಿದ ಮೇಲೆ ಒಮ್ಮೆ, ಉಚ್ಚೆ ಹೊಯ್ದ ಮೇಲೆ ಇನ್ನೊಮ್ಮೆ. ಹೀಗೆ ಮಾಡಿದರೆ ಬೆಳಿಗ್ಗೆ ಬೆಳೆದ ಕೂಸು ಸಂಜೆಗೆ ಸೊರಗಿದ ದಾಖಲೆ ನಿಮ್ಮ ಕೈಯಲ್ಲಿರುತ್ತದೆ. ತಿಂಗಳಿಗೊಮ್ಮೆ ತೂಗಿದರೆ ಸಾಕು, ನಾಲ್ಕಾರು ತಿಂಗಳ ಏರಿಳಿತವನ್ನು ಒಟ್ಟಿಗೆ ನೋಡಬೇಕು ಎನ್ನುವವರಿದ್ದಾರೆ. ಅವರ ಮಾತು ಕೇಳಿದಿರೋ, ಚಿಂತೆಗೆ ತಿಂಗಳಲ್ಲಿ ಇಪ್ಪತ್ತೊಂಬತ್ತು ದಿನ ರಜೆ.

ತೂಗುವುದು ಹುಚ್ಚುತನ ಎಂದು ಮನೆಯವರು ನಕ್ಕರೆ ಗಿಲ್ಬರ್ಟ್ ವೈಟ್‌ನ ಹೆಸರು ಹೇಳಿ. ಇಂಗ್ಲೆಂಡಿನ ಸೆಲ್ಬೋರ್ನ್‌ನಲ್ಲಿದ್ದ ಈ ಪಾದ್ರಿ ದೊಡ್ಡ ನಿಸರ್ಗವಾದಿ. 1780ರಲ್ಲಿ ಸೋದರತ್ತೆಯಿಂದ ಬಳುವಳಿಯಾಗಿ ಬಂದ ಆಮೆಯನ್ನು 1793ರಲ್ಲಿ ತಾನು ಸಾಯುವವರೆಗೂ ಸಾಕಿದ, ಆಗಾಗ ತೂಗಿ ಬರೆದಿಟ್ಟ. ಆಮೆಯ ಹೆಸರು ತಿಮೊಥಿ, ಅಂದರೆ ಗಂಡು ಹೆಸರು. ಅದು ಹೆಣ್ಣೆಂದು ಲೋಕಕ್ಕೆ ಗೊತ್ತಾದದ್ದು ಇಬ್ಬರೂ ಸತ್ತ ಮೇಲೆ. ತಕ್ಕಡಿಯ ಮೇಲೆ ಗಮನವಿಟ್ಟರೆ ಪ್ರಾಣಿಯ ಕಡೆ ನೋಡುವ ತಾಪತ್ರಯ ಎಷ್ಟು ಕಡಿಮೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈಗ ಹೋಲಿಸಿ. ಮಕ್ಕಳನ್ನು ಸಾಕಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪಕ್ಕದ ಫ್ಲಾಟಿನವರ ಗಾಜಿನ ತೊಟ್ಟಿಯಲ್ಲಿ ಒಂದು ಕೆಂಪುಕಿವಿ ಆಮೆ ಇರುತ್ತದೆ. ತಂದಾಗ ನಾಣ್ಯದಷ್ಟಿತ್ತು, ಈಗ ತಟ್ಟೆಯಷ್ಟಾಗಿದೆ ಎಂದು ಅವರು ಹೇಳುವಾಗ ಮುಖ ಸಣ್ಣದು ಮಾಡಿಕೊಳ್ಳಿ. ಅದು ಅಮೆರಿಕದ ನೀರಾಮೆ, ಜಾತಿಯೇ ಬೇರೆ ಎಂಬ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಡಿ. ತೊಟ್ಟಿಗೆ ಹಿಡಿಸದಷ್ಟು ಬೆಳೆದ ಮೇಲೆ ಅಂಥವುಗಳನ್ನು ರಾತ್ರೋರಾತ್ರಿ ಕೆರೆಗೆ ಬಿಟ್ಟು ಬರುತ್ತಾರೆ, ಕೆರೆಯಲ್ಲಿ ಮೊದಲೇ ಇದ್ದ ಆಮೆಗಳಿಗೆ ಅದರಿಂದ ಸಂಕಟ ಎಂಬುದೂ ನಿಮಗೆ ಬೇಡದ ವಿಷಯ. ಹೋಲಿಕೆಗೆ ಅದೂ ಸಾಲದಿದ್ದರೆ ಗುಜರಾತಿನ ಅಥವಾ ಶ್ರೀಲಂಕಾದ ನಕ್ಷತ್ರ ಆಮೆಯ ಚಿತ್ರ ಹುಡುಕಿ. ಆ ಕಡೆಯವು ನಮ್ಮ ದಕ್ಷಿಣದವುಗಳಿಗಿಂತ ದೊಡ್ಡದಾಗಿ ಬೆಳೆಯುತ್ತವೆ. ಅದರಲ್ಲೂ ಹೆಣ್ಣಿನ ಚಿತ್ರವನ್ನೇ ಆರಿಸಿಕೊಳ್ಳಿ. ಗಂಡು ಜೀವಮಾನವಿಡೀ ಹೆಣ್ಣಿಗಿಂತ ಚಿಕ್ಕದು. ನಿಮ್ಮ ಮರಿ ಗಂಡೋ ಹೆಣ್ಣೋ ಹೇಳಲು ಇನ್ನೂ ವರ್ಷಗಳು ಬೇಕು. ನಡುವೆ ಸಿಗುವ ಈ ಅವಧಿಯನ್ನು ವ್ಯರ್ಥ ಮಾಡಬೇಡಿ.

ಬರೀ ಚಿಂತಿಸಿದರೆ ಸಾಲದು. ಚಿಂತೆಗೆ ಕಾರಣವನ್ನೂ ನೀವೇ ಒದಗಿಸಬೇಕು. ಮರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಮುಚ್ಚಿದ ಕಿಟಕಿಯ ಪಕ್ಕದಲ್ಲಿಡಿ. ಬಿಸಿಲು ಚೆನ್ನಾಗಿ ಬೀಳುತ್ತಿದೆ ಎಂದು ತೃಪ್ತಿಪಡಿ. ಆಮೆಯ ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗಬೇಕಾದರೆ ಬಿಸಿಲಿನಲ್ಲಿರುವ ಯುವಿಬಿ ಕಿರಣಗಳು ಬೇಕು. ಮಾಮೂಲಿ ಕಿಟಕಿ ಗಾಜು ಬೆಳಕನ್ನು ಒಳಗೆ ಬಿಟ್ಟು ಆ ಕಿರಣಗಳನ್ನು ಮಾತ್ರ ಹೊರಗೆ ತಡೆದು ನಿಲ್ಲಿಸುತ್ತದೆ. ಡಿ3 ಇಲ್ಲದೆ ತಿಂದ ಸುಣ್ಣದಂಶ ಮೈಗೆ ಹತ್ತುವುದಿಲ್ಲ. ಸುಣ್ಣದಂಶ ಹತ್ತದೆ ಎಲುಬೂ ಚಿಪ್ಪೂ ಗಟ್ಟಿಯಾಗುವುದಿಲ್ಲ. ಎಲ್ಲವೂ ನಿಮ್ಮ ಕಣ್ಣೆದುರಿಗೇ, ಝಗಝಗಿಸುವ ಬೆಳಕಿನಲ್ಲಿ ನಡೆಯುತ್ತದೆ. ಬೆಳಗಿನ ಹೊತ್ತು ಬಾಲ್ಕನಿಯಲ್ಲಿ, ಒಂದಿಷ್ಟು ನೆರಳೂ ಇರುವ ಕಡೆ ಮರಿಯನ್ನು ಬಿಟ್ಟು ಕಾವಲು ಕೂತರೆ ಖರ್ಚಿಲ್ಲದೆ ಕೆಲಸವಾಗುತ್ತಿತ್ತು. ಆದರೆ ಕಾಗೆ ಕಾಯುವ ಕೆಲಸ ನಿಮ್ಮಂಥವರಿಗೆ ಹೇಳಿದ್ದಲ್ಲ.

ಊಟದ ವಿಷಯದಲ್ಲಿ ಪ್ರೀತಿಯನ್ನು ಧಾರಾಳವಾಗಿ ತೋರಿಸಿ. ಸೌತೆಕಾಯಿ, ಟೊಮ್ಯಾಟೊ, ಎಲೆಕೋಸು ಹೆಚ್ಚಿ ಬಡಿಸಿ. ನೀರೇ ಹೆಚ್ಚಿರುವ ಸೌತೆಯನ್ನು ಮರಿ ಆಸೆಯಿಂದ ತಿನ್ನುತ್ತದೆ, ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸೇರುವುದಿಲ್ಲ. ಪಾಲಕ್ ಸೊಪ್ಪನ್ನು ದಿನವೂ ಕೊಡಿ. ಅದರಲ್ಲಿನ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುವುದರಲ್ಲಿ ನಿಸ್ಸೀಮ. ಗಾಜು ಅರ್ಧಕ್ಕೆ ಬಿಟ್ಟ ಕೆಲಸವನ್ನು ಪಾಲಕ್ ಮುಗಿಸುತ್ತದೆ. ವಾರ ಕಳೆದರೂ ತಕ್ಕಡಿ ಕದಲದಿದ್ದರೆ ಮೊಸರನ್ನಕ್ಕೆ ಬನ್ನಿ. ನಮ್ಮಲ್ಲಿ ಮೊಸರನ್ನದಿಂದ ಯಾವ ಮಗು ಬೆಳೆದಿಲ್ಲ ಹೇಳಿ? ಹಾಲು ಕರೆಯದ ಕುಲದ ಪ್ರಾಣಿಗೆ ಹಾಲು ಮೊಸರು ಅರಗಿಸುವ ಶಕ್ತಿ ಇಲ್ಲದಿದ್ದರೆ ಅದು ಅದರ ತಪ್ಪು. ಬೆಳೆಯುವ ವಯಸ್ಸಿಗೆ ಪ್ರೋಟೀನ್ ಬೇಕು ಎಂದು ನಾಯಿಗೆ ತಂದ ಉಂಡೆಗಳಲ್ಲಿ ಎರಡನ್ನು ನೆನೆಸಿ ಕೊಡುವ ಮುತುವರ್ಜಿಯ ಸಾಕಣೆದಾರರೂ ಇದ್ದಾರೆ. ಅವರಿಂದ ಕಲಿಯಿರಿ.

ಅಪಾರ್ಟ್‌ಮೆಂಟಿನ ಕಾಂಪೌಂಡಿನ ಕಡೆಗೆ ಮಾತ್ರ ಹೋಗಬೇಡಿ. ಅಲ್ಲಿ ಗರಿಕೆ ಇರುತ್ತದೆ, ದಾಸವಾಳ ಇರುತ್ತದೆ, ಪುಣ್ಯವಿದ್ದರೆ ಮೂಲೆಯಲ್ಲೊಂದು ಪಾಪಾಸುಕಳ್ಳಿಯೂ ಇರುತ್ತದೆ. ದಾಸವಾಳದ ಎಲೆ, ಹೂವು, ರಾಮನಗರದ ರೇಷ್ಮೆಹುಳು ಮೇಯುವ ಹಿಪ್ಪುನೇರಳೆ ಸೊಪ್ಪು, ನಾರಿನಂಶದ ಹುಲ್ಲು, ಇಂಥ ಬಡವರ ಊಟದಿಂದಲೇ ಆಮೆ ಬೆಳೆಯುತ್ತದೆ ಎಂದು ಗೊತ್ತಾದರೆ ನೀವು ಆನ್‌ಲೈನಿನಲ್ಲಿ ತರಿಸಿದ ಡಬ್ಬಿಗಳಿಗೆ ಅವಮಾನ. ತೋಟದ ಮಾಲಿಗೆ ಹೇಳಿ ಕಳೆಯನ್ನೆಲ್ಲ ಕೀಳಿಸಿಬಿಡಿ.

ನೀರಿನ ಬಗ್ಗೆ ಎರಡು ಅತಿಗಳಿವೆ, ಒಂದನ್ನು ಆರಿಸಿಕೊಳ್ಳಿ. ಮೊದಲನೆಯದು, ಆಮೆ ಎಂದರೆ ನೀರು ಎಂದುಕೊಂಡು ತೊಟ್ಟಿಗೇ ಇಳಿಸುವುದು. ಈ ದಾರಿ ಹಿಡಿದವರ ಚಿಂತೆ ಒಂದೇ ಮಧ್ಯಾಹ್ನಕ್ಕೆ ಮುಗಿದುಹೋಗುವುದರಿಂದ ನಾನು ಶಿಫಾರಸು ಮಾಡಲಾರೆ. ನೆಲದಾಮೆಗೆ ಈಜು ಬಾರದು. ಎರಡನೆಯದು ಉತ್ತಮ: ಇದು ಕುರುಚಲು ಕಾಡಿನ ಪ್ರಾಣಿ, ಬರದಲ್ಲೇ ಬದುಕುವಂಥದ್ದು, ಇದಕ್ಕೆ ನೀರೇ ಬೇಡ ಎಂದು ತೀರ್ಮಾನಿಸುವುದು. ಮರಿಗಳು ಮಳೆಗಾಲದ ಹಸಿಯಲ್ಲಿ, ಪೊದೆಯ ಬುಡದ ತೇವದಲ್ಲಿ ಅಡಗಿ ಬೆಳೆಯುತ್ತವೆ ಎಂಬುದನ್ನು ಮರೆತುಬಿಡಿ. ಗದ್ದ ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಕೂರಿಸಿದರೆ ಅದು ತಾನೇ ಕುಡಿದು, ಹೊಟ್ಟೆಯನ್ನೂ ಖಾಲಿ ಮಾಡಿಕೊಳ್ಳುತ್ತದೆ. ಕೂರಿಸಬೇಡಿ. ಒಣಗಿದ ಮರಿ ತಿನ್ನುವುದನ್ನು ಕಡಿಮೆ ಮಾಡುತ್ತದೆ, ತಿನ್ನದ ಮರಿ ಬೆಳೆಯುವುದಿಲ್ಲ, ಬೆಳೆಯದ ಮರಿಯ ಎದುರು ನೀವು ಕೂತು ಮೊಸರನ್ನ ಕಲಸುತ್ತೀರಿ. ಚಕ್ರ ಎಷ್ಟು ಚಂದ ತಿರುಗುತ್ತದೆ ನೋಡಿ.

ಡಿಸೆಂಬರಿನಲ್ಲಿ ಬೆಂಗಳೂರಿನ ರಾತ್ರಿ ಹದಿನೈದು ಡಿಗ್ರಿಗೆ ಇಳಿದಾಗ ನೀವು ರಗ್ಗು ಹೊದ್ದುಕೊಳ್ಳಿ, ಮರಿಯನ್ನು ವಿಟ್ರಿಫೈಡ್ ಟೈಲ್ಸಿನ ಮೇಲೆ ಬಿಡಿ. ಮೈಯಲ್ಲಿ ಸ್ವಂತ ಶಾಖವಿಲ್ಲದ ಜೀವಕ್ಕೆ ಹೊರಗಿನ ಬಿಸಿಯೇ ಜಠರಾಗ್ನಿ. ಅದು ಸಿಗದೆ ಮುದುರಿ ಕೂತರೆ "ಸೋಮಾರಿ" ಎನ್ನಿ. ಮೂಗಿನಲ್ಲಿ ಗುಳ್ಳೆ ಕಂಡರೆ ಮುದ್ದಾಗಿದೆ ಎಂದು ಫೋಟೊ ತೆಗೆಯಿರಿ.

ಇಷ್ಟರ ಮೇಲೂ ಕೆಲವು ಹಟಮಾರಿ ಮರಿಗಳು ಬೆಳೆಯುತ್ತವೆ, ಅದೂ ಭರದಿಂದ. ಆಗ ಚಿಂತೆ ಕೈತಪ್ಪಿತೆಂದು ನಿರಾಶರಾಗಬೇಡಿ, ಚಿಪ್ಪನ್ನು ನೋಡಿ. ಪ್ರತಿ ಫಲಕವೂ ದೇವಸ್ಥಾನದ ಗೋಪುರದಂತೆ ಮೇಲೆದ್ದಿರುತ್ತದೆ. ನಕ್ಷತ್ರ ಆಮೆಗೆ ಸ್ವಭಾವತಃ ಸ್ವಲ್ಪ ಉಬ್ಬು ಉಂಟು. ಒಣಹವೆಯಲ್ಲಿ ಬೆಳೆಸಿದಾಗ ಬರುವ ಗೋಪುರವೇ ಬೇರೆ. ವಿಯೆನ್ನಾದ ಸಂಶೋಧಕರು 2003ರಲ್ಲಿ ಆಫ್ರಿಕದ ಸಲ್ಕಾಟಾ ಆಮೆಮರಿಗಳ ಮೇಲೆ ಪರೀಕ್ಷಿಸಿ, ಇದಕ್ಕೆ ಪ್ರೋಟೀನಿಗಿಂತ ತೇವಾಂಶದ ಕೊರತೆಯೇ ಹೆಚ್ಚು ಕಾರಣ ಎಂದು ಕಂಡರು. ಒಮ್ಮೆ ಎದ್ದ ಗೋಪುರ ಮತ್ತೆ ಇಳಿಯುವುದಿಲ್ಲ. ನೀವು ಬಂದವರಿಗೆಲ್ಲ ಅದನ್ನೇ ತೋರಿಸಿ, "ಎಷ್ಟು ಎತ್ತರ ಬೆಳೆದಿದೆ!" ಎನ್ನಿ.

ಫಲಕಗಳ ಅಂಚನ್ನು ಮಾತ್ರ ಭೂತಗನ್ನಡಿ ಹಿಡಿದು ನೋಡಲು ಹೋಗಬೇಡಿ. ಪ್ರತಿ ನಕ್ಷತ್ರದ ನಡುವಿನ ಹಳದಿ ಬೊಟ್ಟು ಮೊಟ್ಟೆಯಿಂದ ಹೊರಬಂದ ದಿನದ ಚಿಪ್ಪು. ಅದರ ಸುತ್ತ ಹೊಸದಾಗಿ ಸೇರಿದ ಅಂಚಿನಲ್ಲಿ ಹಳದಿ ಗೆರೆಗಳು ಹೊರಕ್ಕೆ ಹರಿದಾಗಲೇ ನಕ್ಷತ್ರ ಮೂಡುವುದು. ಅಂದರೆ ಬೆಳೆದದ್ದೆಷ್ಟು ಎಂಬುದನ್ನು ಮರಿ ತನ್ನ ಬೆನ್ನ ಮೇಲೆಯೇ ಬರೆದುಕೊಂಡು ಓಡಾಡುತ್ತಿರುತ್ತದೆ. ಅದನ್ನು ಓದಿಬಿಟ್ಟರೆ ತಕ್ಕಡಿಗೆ ಕೊಟ್ಟ ದುಡ್ಡು ದಂಡ.

ಕೊನೆಯ ಹಂತ, ವೈದ್ಯರು. ಚಿಪ್ಪು ಒತ್ತಿದರೆ ಮೆತ್ತಗಾಗುತ್ತಿದೆ, ಕಣ್ಣು ಊದಿದೆ, ಮರಿ ವಾರದಿಂದ ಏನೂ ತಿಂದಿಲ್ಲ ಎಂದಾಗ ಪಶುವೈದ್ಯರ ಬಾಗಿಲವರೆಗೂ ಹೋಗಿ, ಅಲ್ಲಿಂದ ಹಿಂದಿರುಗಿ. ನಕ್ಷತ್ರ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿದೆ. 2022ರ ತಿದ್ದುಪಡಿಯ ನಂತರ ಮೊದಲ ಅನುಸೂಚಿಗೇ ಏರಿದೆ. 2019ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧವಿದೆ. ಹಾಗಾಗಿ ಕಾಯಿಲೆಯನ್ನು ಯಾರಿಗೂ ಹೇಳಿಕೊಳ್ಳುವಂತಿಲ್ಲ. ನಡುರಾತ್ರಿ ಒಬ್ಬರೇ ಎದ್ದು ಪೆಟ್ಟಿಗೆಯೊಳಗೆ ಟಾರ್ಚ್ ಬಿಡಬೇಕು. ಇಷ್ಟು ಶುದ್ಧವಾದ ಚಿಂತೆ ನಾಯಿ ಸಾಕಿದವರಿಗೆ ಎಲ್ಲಿ ಸಿಗುತ್ತದೆ? ಬನ್ನೇರುಘಟ್ಟದಲ್ಲಿ ವನ್ಯಜೀವಿ ರಕ್ಷಣಾ ಕೇಂದ್ರವಿದೆ, ಅರಣ್ಯ ಇಲಾಖೆಗೆ ಒಪ್ಪಿಸಿದರೆ ಮರಿ ಉಳಿದೀತು ಎಂದು ಯಾರಾದರೂ ಹೇಳಿದರೆ, "ಮನೆಮಗುವನ್ನು ಹೇಗಪ್ಪಾ ಕೊಡೋದು" ಎಂದು ಕಣ್ಣೊರೆಸಿಕೊಳ್ಳಿ.

ಧೈರ್ಯ ಮಾತ್ರ ಕಳೆದುಕೊಳ್ಳಬೇಡಿ. ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಂಡ ಅಪರಾಧಕ್ಕೆ ಕಾಯಿದೆ ವಿಧಿಸಿರುವುದು ಮೂರರಿಂದ ಏಳು ವರ್ಷ ಸಜೆ. ನಕ್ಷತ್ರ ಆಮೆಯೊಂದು ಎದ್ದು ಕಾಣುವಷ್ಟು ಬೆಳೆಯಲು ಆ ಅವಧಿ ಧಾರಾಳ ಸಾಕು.