ಕವಿಗೋಷ್ಠಿಯಲ್ಲಿ ಶ್ರವಣಋಣ: ಮರೋಳ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಕವಿಗೋಷ್ಠಿಯೆಂದರೆ ಕವಿತೆ ಓದುವ ಸಭೆಯೆಂದು ಸಾಮಾನ್ಯರು ತಿಳಿದಿದ್ದರೂ, ಸೂಕ್ಷ್ಮವಾಗಿ ಪರಿಶೀಲಿಸಿದರೆ ಅದು ಕೇಳಿಸಿಕೊಂಡ ಸಾಲವನ್ನು ಪರಸ್ಪರ ತೀರಿಸಿಕೊಳ್ಳುವ ಸಭೆಯೆಂದೇ ಸಿದ್ಧವಾಗುತ್ತದೆ. ಮರೋಳ, ಹುನಗುಂದ, ಇಳಕಲ್ಲ ಕಡೆಯ ರೈತರು ಒಬ್ಬರ ಹೊಲದ ಕಳೆಯನ್ನು ಇನ್ನೊಬ್ಬರು ಕೂಲಿಯಿಲ್ಲದೆ ತೆಗೆದುಕೊಡುವ ಮುಯ್ಯಾಳು ಪದ್ಧತಿಯೇ ಇಲ್ಲಿಯೂ ನಡೆಯುತ್ತದೆ; ಕವಿತೆಯಲ್ಲಿ ಕಳೆ ಮಾತ್ರ ಹಾಗೆಯೇ ಉಳಿಯುತ್ತದೆ. ಹೀಗೆ ಕೇಳಿ ಕೂಡಿಡುವ ಬಾಕಿಗೆ ಪ್ರಸ್ತುತ ಪ್ರಬಂಧವು ‘ಶ್ರವಣಋಣ’ವೆಂದು ಹೆಸರಿಡುತ್ತದೆ.

ಈ ವ್ಯವಹಾರದ ದೊಡ್ಡ ಪೇಟೆ ಧಾರವಾಡ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ಆ ಊರಿನಲ್ಲಿ ಕಲ್ಲೆಸೆದರೆ ಕವಿಯ ಮನೆಯ ಮೇಲೆ ಬೀಳುತ್ತದೆಂಬ ಲೋಕೋಕ್ತಿಯಿದ್ದು, ಅದು ಶ್ರೋತೃವಿನ ಮನೆಯ ಮೇಲೆ ಬಿದ್ದ ನಿದರ್ಶನ ಲೋಕೋಕ್ತಿಯಲ್ಲಿಯೂ ಇಲ್ಲ. ಹುನಗುಂದದ ಕಡೆಯಿಂದ ಬಸ್ಸು ಹತ್ತಿ ಅಲ್ಲಿಗೆ ಹೋಗುವ ಕವಿಯು ‘ಚಿಕ್ಕದೊಂದು ಕವಿತೆ’ಯನ್ನು, ಅಂದರೆ ಪೀಠಿಕೆಗಿಂತ ಚಿಕ್ಕದಾದ ಕವಿತೆಯನ್ನು, ಜೇಬಿನಲ್ಲಿಟ್ಟುಕೊಂಡಿರುತ್ತಾನೆ. ನಿರೂಪಕರು ಕಳಿಸುವ ಚೀಟಿ, ಅಂದರೆ ಓದು ನಿಲ್ಲಿಸಬೇಕೆಂಬ ಲಿಖಿತ ವಿನಂತಿ, ಕೈಸೇರಿದಾಗ ಅದನ್ನು ಮೆಚ್ಚುಗೆಯೆಂದು ಗ್ರಹಿಸಿ, ಕೊನೆಯ ನುಡಿಯನ್ನು ಎರಡು ಸಲ ಓದಿ, ಶಾಲು ಮತ್ತು ನೆನಪಿನ ಕಾಣಿಕೆ ಪಡೆದು, ಇಳಕಲ್ಲಿನ ಕಡೇ ಬಸ್ಸಿನ ನೆಪದಲ್ಲಿ ಸಾಲ ತೀರಿಸದೆ ನಿರ್ಗಮಿಸುವವನು ಶಾಸ್ತ್ರರೀತ್ಯಾ ‘ಋಣಭ್ರಷ್ಟ’. ಇದರ ಪೂರ್ಣ ಫಲ ಅಧ್ಯಕ್ಷರಿಗೆ ಸಲ್ಲುತ್ತದೆ. ಏಕೆಂದರೆ ಅಧ್ಯಕ್ಷೀಯ ನುಡಿಯೆಂಬುದು ಎಲ್ಲ ಕವಿತೆಗಳ ಗುಣದೋಷಗಳನ್ನು, ಬರೆದವರೆಲ್ಲ ಹೊರಟುಹೋದ ಮೇಲೆ, ಕುರ್ಚಿ ಎತ್ತಿಡಲು ಕಾದುನಿಂತ ಶಾಮಿಯಾನದವನಿಗೆ ವಿವರಿಸುವ ಭಾಷಣವಾಗಿದೆ. ಆತನು ಯಾವ ಸಾಲವೂ ಇಲ್ಲದೆ ಕೇಳುವ ಏಕೈಕ ವ್ಯಕ್ತಿಯಾದ್ದರಿಂದ, ವಿಮರ್ಶಕರು ಅವನನ್ನು ಈವರೆಗೆ ಗಮನಿಸದಿರುವುದು ವಿಷಾದನೀಯ.

ಶ್ರವಣಋಣದಿಂದ ಸಂಪೂರ್ಣ ಮುಕ್ತನಾದ ಕವಿ ಇದೇ ಸೀಮೆಯಲ್ಲಿ ಒಬ್ಬನೇ. ಐಹೊಳೆಯ ಮೇಗುತಿ ಜಿನಾಲಯವನ್ನು ಕಟ್ಟಿಸಿದ ರವಿಕೀರ್ತಿಯು ಕ್ರಿ.ಶ. 634ರ ಸುಮಾರಿಗೆ, ಇಮ್ಮಡಿ ಪುಲಕೇಶಿಯನ್ನು ಹೊಗಳುವ ತನ್ನ ಸಂಸ್ಕೃತ ಪ್ರಶಸ್ತಿಯನ್ನು ಅದರ ಗೋಡೆಗೇ ಕೆತ್ತಿಸಿ, ಕಾಳಿದಾಸ ಮತ್ತು ಭಾರವಿಯರ ಸಮಾನ ಕೀರ್ತಿ ತನ್ನದೆಂದು ತಾನೇ ಸಾರಿಕೊಂಡನು. ಇದರಿಂದ ಪರಿಚಯಿಸುವ ನಿರೂಪಕರ ಖರ್ಚು ಉಳಿಯಿತು, ಕಲ್ಲಿಗೆ ಚೀಟಿ ಕಳಿಸುವ ಉಪಾಯವೂ ಯಾರಿಗೂ ಹೊಳೆಯಲಿಲ್ಲ. ಕಾಳಿದಾಸನ ಕಾಲದ ಕೊನೆಯ ಮಿತಿಯನ್ನು ಗೊತ್ತುಪಡಿಸಲು ಇತಿಹಾಸಕಾರರು ಇಂದಿಗೂ ಈ ಆತ್ಮಪ್ರಶಂಸೆಯನ್ನು ಒಂದು ಆಧಾರವಾಗಿ ಹಿಡಿಯುವುದರಿಂದ, ವೇದಿಕೆಯ ಮೇಲೆ ತಮ್ಮನ್ನು ತಾವೇ ಹೊಗಳಿಕೊಳ್ಳುವ ಈಗಿನ ಕವಿಗಳನ್ನು ತಡೆಯುವುದು ಸಂಶೋಧನೆಗೆ ಮಾಡುವ ದ್ರೋಹವೆಂದೇ ಪರಿಗಣಿಸಬೇಕಾಗುತ್ತದೆ. ಬಂದವರಿಗೆ ಊಟದ ವ್ಯವಸ್ಥೆ ಇತ್ತೇ ಎಂಬ ಮುಖ್ಯ ವಿಷಯದಲ್ಲಿ ಮಾತ್ರ ಶಾಸನವು ಏನನ್ನೂ ಹೇಳುವುದಿಲ್ಲ.